ಕಾಲೇಜು ನೋಡಲೊಲ್ಲದ ಅಪ್ಪ

ಎತ್ತು ಕೊಳ್ಳುವ ಮುನ್ನ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾರೆ. ಹೆಣ್ಣು ಗಂಡು ನೋಡುವುದಿದ್ದರೆ ವ್ಯಾನು ಮಾಡಿಕೊಂಡು ಬೀದಿಗೆ ಬೀದಿಯೇ ಹೋಗುತ್ತದೆ. ಆದರೆ ಮಗಳು ನಾಲ್ಕು ವರ್ಷ ಇರಬೇಕಾದ ಕಾಲೇಜನ್ನು ಒಮ್ಮೆ ನೋಡಿಕೊಂಡು ಬರೋಣ ಎಂದರೆ ಮಾತ್ರ, "ಅಲ್ಲೇನೈತೆ ನೋಡಾಕೆ? ಕಟ್ಟಡ ತಾನೆ? ಅದೇನು ಎದ್ದು ಓಡಿಹೋಗುತ್ತಾ?" ಎನ್ನುತ್ತಾರೆ. ಅಜ್ಜಂಪುರದಿಂದ ಶಿವನಿವರೆಗೆ, ಬುಕ್ಕಾಂಬುಧಿಯಿಂದ ತರೀಕೆರೆವರೆಗೆ, ಪ್ರತಿ ವರ್ಷ ಸಿಇಟಿ ಫಲಿತಾಂಶದ ಬೆನ್ನಿಗೇ ಪ್ರತ್ಯಕ್ಷವಾಗುವ ಅಪ್ಪಂದಿರಿವರು.

ಇವರನ್ನು ಗುರುತಿಸುವುದು ಸುಲಭ. ಎಂದೂ ಬೇಡ ಎನ್ನುವುದಿಲ್ಲ. ಬೇಡ ಎಂದಿದ್ದರೆ ಹೆಂಡತಿ ಮುಖ ತಿರುಗಿಸಿ, ಮಗಳು ಊಟ ಬಿಟ್ಟು, ಒಂದೇ ದಿನದಲ್ಲಿ ವ್ಯಾಜ್ಯ ತೀರುತ್ತಿತ್ತು. ಇವರು "ಹೋಗೋಣ, ಅದಕ್ಕೇನಂತೆ" ಎನ್ನುತ್ತಾರೆ. ಮಳೆ ಬಂದಿಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ, ಬರಲಿ. ಮಳೆ ಬಂತು, ಈರುಳ್ಳಿ ಬಿತ್ತನೆಯಾಗಲಿ. ಬಿತ್ತನೆಯಾಯಿತು, ಈಗ ಕಳೆ. ಕಳೆ ತೆಗೆದದ್ದೂ ಆಯಿತು, ಶಿವಮೊಗ್ಗದಲ್ಲಿ ರಾಶಿ ಅಡಿಕೆಯ ಧಾರಣೆ ಬಿದ್ದಿದೆ, ಇಂಥ ಹೊತ್ತಿನಲ್ಲಿ ಯಾರಾದರೂ ಪ್ರಯಾಣ ಹೊರಡುತ್ತಾರೆಯೇ?

ನನ್ನ ಪಾಲಿಗೆ ಬಂದ ನಮೂನೆ ನಮ್ಮ ಚಿಕ್ಕಪ್ಪ. ಊರು ಅಜ್ಜಂಪುರದ ಪಕ್ಕದ ಹಳ್ಳಿ. ಅಜ್ಜಂಪುರ ಅಮೃತಮಹಲ್ ದನಗಳ ಊರು. ಸರ್ಕಾರದ ತಳಿ ಸಂವರ್ಧನಾ ಕೇಂದ್ರ ಇರುವುದು ಇಲ್ಲೇ, ಹೋರಿಕರುಗಳ ಹರಾಜಿಗೆ ಎಲ್ಲೆಲ್ಲಿಂದಲೋ ರೈತರು ಬರುತ್ತಾರೆ. ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ತಳಿಯ ಎತ್ತುಗಳ ಬಲದಿಂದ ಎಂದು ಹಳೆಯ ದಾಖಲೆಗಳು ಹೊಗಳುತ್ತವೆ. ಅದೇ ನೀರು, ಅದೇ ಮೇವಿನ ಸೀಮೆಯ ನಮ್ಮ ಚಿಕ್ಕಪ್ಪ ಎರಡೂವರೆ ತಿಂಗಳಲ್ಲಿ ಅಂಗಳ ದಾಟಲಿಲ್ಲ.

ಮಗಳು ಪುಟ್ಟಿಯದು ಒಳ್ಳೆಯ ರ‍್ಯಾಂಕು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಆದಿಚುಂಚನಗಿರಿ, ದಾವಣಗೆರೆಯ ಬಾಪೂಜಿ, ಶಿವಮೊಗ್ಗದ ಜೆಎನ್‌ಎನ್‌ಸಿಇ, ತುಮಕೂರಿನ ಸಿದ್ಧಗಂಗಾ, ಎಲ್ಲವೂ ಅವಳ ಪಟ್ಟಿಯಲ್ಲಿದ್ದವು. ನಮ್ಮ ಸೀಮೆಯ ಭಾಗ್ಯ ನೋಡಿ: ಯಾವ ದಿಕ್ಕಿಗೆ ಹೊರಟರೂ ಒಂದು ಎಂಜಿನಿಯರಿಂಗ್ ಕಾಲೇಜು ಸಿಗುತ್ತದೆ. ಚಿಕ್ಕಪ್ಪನಿಗೆ ಅದೇ ಅನುಕೂಲ. "ಯಾವ ದಿಕ್ಕಿಗೆ ಅಂತ ಮೊದಲು ತೀರ್ಮಾನ ಮಾಡ್ಕಳ್ಳಿ, ಆಮೇಲೆ ಹೊರಡಾನ." ದಿಕ್ಕು ತೀರ್ಮಾನವಾಗಬೇಕಾದರೆ ನೋಡಬೇಕು, ನೋಡಬೇಕಾದರೆ ದಿಕ್ಕು ತೀರ್ಮಾನವಾಗಬೇಕು.

ಕೊನೆಗೆ ಚಿಕ್ಕಮ್ಮ ಬೆಂಗಳೂರಿಗೆ ಫೋನು ಮಾಡಿ ನನ್ನನ್ನು ಕರೆಸಿದರು. ನಾನು ಕಂಪ್ಯೂಟರ್ ಕೆಲಸದವನು. ಆ ಕೆಲಸ ಏನೆಂದು ಚಿಕ್ಕಪ್ಪನಿಗೆ ವಿವರಿಸಲು ಇಂದಿಗೂ ಸಾಧ್ಯವಾಗಿಲ್ಲವಾದರೂ ಎಕ್ಸೆಲ್ ಹಾಳೆ ಮಾಡಲು ಬರುತ್ತದೆ. ಬೆಳಿಗ್ಗೆ ಆರಕ್ಕೆ ಹೊರಡುವುದು. ಬೀರೂರು, ಕಡೂರು, ಸಖರಾಯಪಟ್ಟಣದ ಮೇಲೆ ಒಂಬತ್ತಕ್ಕೆ ಚಿಕ್ಕಮಗಳೂರು. ಬೇಲೂರಿನ ಮೇಲೆ ಒಂದು ಗಂಟೆಗೆ ಹಾಸನ. ಅರಸೀಕೆರೆ, ಬಾಣಾವರದ ಮೇಲೆ ರಾತ್ರಿಯೊಳಗೆ ಮನೆ. ಚಿಕ್ಕಪ್ಪ ಹಾಳೆಯನ್ನು ದೂರ ಹಿಡಿದು ಓದಿ, "ಲಾಯಕ್ಕಾಗೈತೆ" ಎಂದು ಮಡಚಿ ಜೇಬಿಗಿಟ್ಟುಕೊಂಡರು. ಅದು ಮತ್ತೆ ಹೊರಗೆ ಬರಲಿಲ್ಲ.

ಹೊರಡಿಸಿದ್ದು ನಾನಲ್ಲ, ಕೊಳವೆಬಾವಿಯ ಮೋಟಾರು. ಅದು ಹಿಂದಿನ ರಾತ್ರಿ ಸುಟ್ಟುಹೋಯಿತು. ಬೆಳಿಗ್ಗೆ ಐದಕ್ಕೇ ಚಿಕ್ಕಪ್ಪ ಬಿಳಿ ಅಂಗಿ ತೊಟ್ಟು ಅಂಗಳದಲ್ಲಿ ಸಿದ್ಧ. "ಹೆಂಗೂ ಬೀರೂರಿನ ಮೇಲೇ ಹೋಗ್ತೀವಲ್ಲ ಮಗಾ, ಇದನ್ನ ರೀವೈಂಡಿಂಗಿಗೆ ಕೊಟ್ಟು ಹೋಗಾನ." ಉದ್ದನೆಯ ಮೋಟಾರು ಡಿಕ್ಕಿಯಲ್ಲಿ ಹಿಡಿಸದೆ ಹಿಂದಿನ ಸೀಟಿಗೆ ತಲೆ ಚಾಚಿತು. ಅದರ ಪಕ್ಕ ಕಡೂರಿನ ಅತ್ತೆಗೆ ಒಂದು ಮೂಟೆ ತೆಂಗಿನಕಾಯಿ. ಆ ಮೂಟೆಗೂ ಬಾಗಿಲಿಗೂ ನಡುವೆ ಉಳಿದ ಜಾಗದಲ್ಲಿ, ಯಾರ ಭವಿಷ್ಯಕ್ಕಾಗಿ ಪ್ರಯಾಣವೋ ಆ ಪುಟ್ಟಿ.

ಬೀರೂರಿನಲ್ಲಿ ರೀವೈಂಡಿಂಗ್‌ನವನು ಬಾಗಿಲು ತೆಗೆಯುವವರೆಗೆ ಕಾದೆವು. ಕಡೂರಿನಲ್ಲಿ ಅತ್ತೆ ತಿಂಡಿ ತಿನ್ನದೆ ಬಿಡಲಿಲ್ಲ. ಚಿಕ್ಕಮಗಳೂರಿನಲ್ಲಿ ಪುಟ್ಟಿ, ನಾನು ಲ್ಯಾಬು ನೋಡಿಕೊಂಡು ಬರುವಷ್ಟರಲ್ಲಿ ಚಿಕ್ಕಪ್ಪ ಗೇಟಿನ ಬಳಿಯ ಅಂಗಡಿಯವನ ಸಂಬಂಧಿಕರೊಬ್ಬರು ತರೀಕೆರೆಯಲ್ಲಿರುವುದನ್ನು ಪತ್ತೆ ಮಾಡಿದ್ದರು. ಬೇಲೂರಿನಲ್ಲಿ "ಎರಡೇ ನಿಮಿಷ" ಎಂದು ಇಳಿದವರು ಚೆನ್ನಕೇಶವನ ಗುಡಿಯನ್ನು ಸುತ್ತಿದ್ದೇ ಸುತ್ತಿದ್ದು. 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಇನ್ನೂ ಒಂದು ದಿನ ಕಾಯುತ್ತಿತ್ತು. "ಕಟ್ಟಡ ಅಂದ್ರೆ ಇದು ಕಣೋ" ಎಂದರು. ನಾನು ಹಲ್ಲು ಕಚ್ಚಿ ಗಾಡಿ ಓಡಿಸಿದೆ.

ಹಾಸನದಲ್ಲಿ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. 1960ರಲ್ಲಿ ಶುರುವಾದ ಹಳೆಯ ಕಾಲೇಜು ಅದು. ಮೇಷ್ಟ್ರೊಬ್ಬರು ಪಾಪ, ಊಟದ ಹೊತ್ತು ಮೀರಿದ್ದರೂ ನಮಗಾಗಿ ಕಾದಿದ್ದು ವಿಭಾಗವನ್ನೆಲ್ಲ ತೋರಿಸಿದರು. ಅವರು "ನಿಮ್ಮ ತಂದೆಯವರು?" ಎಂದು ಕೇಳಿದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಹುಡುಕಿದೆ. ಮರದ ನೆರಳಲ್ಲಿ ಕಾಲೇಜಿನ ಮಾಲಿಯ ಜೊತೆ ಕುಕ್ಕರುಗಾಲಲ್ಲಿ ಕೂತು ಎಲೆ ಅಡಿಕೆ ಹಂಚಿಕೊಳ್ಳುತ್ತಿದ್ದರು. "ಎಷ್ಟಡಿಗೆ ನೀರು ಬಿತ್ತು?" ಎಂಬ ಮಾತು ನನ್ನ ಕಿವಿಗೆ ಬಿತ್ತು. ಮಗಳ ಕಾಲೇಜಿಗೆ ಬಂದು ಬೋರ್‌ವೆಲ್ ಆಳ ವಿಚಾರಿಸುವ ಅಪ್ಪನಿಗೆ ಏನು ಹೇಳುವುದು? ಅರಸೀಕೆರೆ ಬರುವವರೆಗೆ ನಾನು ಮಾತಾಡಲಿಲ್ಲ.

ಮಾತು ಆಡಿದವಳು ಪುಟ್ಟಿ. "ಅಣ್ಣಾ, ಅಲ್ಲಿ ಹಾಸ್ಟೆಲು ಹೆಂಗಂತೆ?" ನನ್ನ ಹಾಳೆಯಲ್ಲಿ ಪ್ಲೇಸ್‌ಮೆಂಟ್ ಇತ್ತು, ಶುಲ್ಕ ಇತ್ತು, ಹಿಂದಿನ ವರ್ಷದ ಕೊನೆಯ ರ‍್ಯಾಂಕ್ ಇತ್ತು. ಹಿಂದಿನಿಂದ, ಕಾಯಿ ಮೂಟೆ ಇಳಿದು ತೆರವಾದ ಜಾಗದಿಂದ, ಚಿಕ್ಕಪ್ಪ ಶುರುಮಾಡಿದರು. ಬೇಸಿಗೆಯಲ್ಲೂ ನೀರಿಗೆ ತೊಂದರೆಯಿಲ್ಲ. ಸಂಜೆ ಎಷ್ಟು ಹೊತ್ತಿಗೆ ಹುಡುಗಿಯರು ಒಳಗಿರಬೇಕು, ವಾರ್ಡನ್ನಮ್ಮ ಎಂಥವರು, ಜ್ವರ ಬಂದರೆ ಯಾವ ಡಾಕ್ಟರ ಬಳಿ ಕರೆದೊಯ್ಯುತ್ತಾರೆ, ಮುದ್ದೆ ಯಾವ ವಾರ, ಬಸ್‌ಸ್ಟ್ಯಾಂಡಿಗೆ ಆಟೊದವನು ಎಷ್ಟು ಕೇಳುತ್ತಾನೆ, ಕಡೂರು ಕಡೆಯ ಹುಡುಗಿಯರು ಯಾರ್ಯಾರಿದ್ದಾರೆ. ಚಿಕ್ಕಮಗಳೂರಿನದೂ ಅಷ್ಟೇ ವಿವರವಾಗಿ ಬಂತು. ಎಲ್ಲಿಯೂ ಒಂದಕ್ಷರ ಬರೆದುಕೊಂಡಿರಲಿಲ್ಲ.

ದಾಖಲೆಗಳೂ ಹೀಗೆಯೇ. ನಾನು ಕೇಳುವ ಮೊದಲೇ ಒಂದು ಹಳೆಯ ರೆಕ್ಸಿನ್ ಫೈಲಿನಲ್ಲಿ ಎಲ್ಲ ಸಿದ್ಧವಾಗಿದ್ದವು: ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ್ದಕ್ಕೆ ಶೇ. 15ರ ಗ್ರಾಮೀಣ ಮೀಸಲಾತಿಯ ಪತ್ರ, ಶೇ. 5ರ ಕನ್ನಡ ಮಾಧ್ಯಮದ ಪತ್ರ, ಎರಡಕ್ಕೂ ಹೆಡ್‌ಮಾಸ್ಟರ ಸಹಿ, ಬಿಇಒ ಮೇಲುಸಹಿ. ಹೊರಡಲು ಒಲ್ಲದ ಮನುಷ್ಯ ಕಚೇರಿಯಿಂದ ಕಚೇರಿಗೆ ಸದ್ದಿಲ್ಲದೆ ಅಲೆದು ಬಂದಿದ್ದರು.

ಕಡೂರು ದಾಟುವಾಗ, ರೈಲಿನಲ್ಲಿ ಬಂದು ತಾವು ಪಿಯುಸಿ ಓದುತ್ತಿದ್ದ ದಿನಗಳ ಮಾತು ತೆಗೆದರು. "ನಮ್ಮಪ್ಪ ಒಂದ್ಸಲಾನೂ ಕಾಲೇಜಿನ ಕಡೆ ಬರ್ಲಿಲ್ಲ. ಬಾ ಅಂತ ನಾನೂ ಕರೀಲಿಲ್ಲ. ಪಂಚೆ ಉಟ್ಕೊಂಡು ಬಂದ್ಬಿಡ್ತಾನೆ ಅಂತ." ಪುಟ್ಟಿ ಹಿಂತಿರುಗಿ ಅಪ್ಪನ ಬಿಳಿ ಅಂಗಿ ನೋಡಿದಳು. ಮಗಳು ತನ್ನನ್ನು ಕಾಲೇಜಿನ ಅಂಗಳದಲ್ಲಿ ಹೇಗೆ ಪರಿಚಯಿಸಿಯಾಳು ಎಂಬ ಅಂಜಿಕೆಗೆ ಮಳೆ, ಕಳೆ, ಅಡಿಕೆ ಧಾರಣೆ ಎಂದೆಲ್ಲ ಹೆಸರಿಡುವ ಅಪ್ಪಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ಕಾಲೇಜು ಬೇಡವಾಗಿರುವುದಲ್ಲ. ಕಾಲೇಜಿಗೆ ತಾವು ಬೇಕೇ ಎಂಬುದು ಅನುಮಾನ.

ಇಷ್ಟಾದ ಮೇಲೂ ಗುಣ ಬದಲಾಯಿತೆಂದು ತಿಳಿಯಬೇಡಿ. ಸೀಟು ಹಂಚಿಕೆಯಾದಾಗ ಸರ್ಕಾರದ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ನಾಲ್ಕು ಆಯ್ಕೆ ಕೊಡುತ್ತದೆ. ಒಂದು, ಒಪ್ಪಿ ಸೇರಿಕೊಳ್ಳುವುದು. ಎರಡು, ಒಪ್ಪಿಕೊಂಡೂ ಮುಂದಿನ ಸುತ್ತಿಗೆ ಕಾಯುವುದು. ಮೂರು, ಬಿಟ್ಟು ಕಾಯುವುದು. ನಾಲ್ಕು, ಕೈ ತೊಳೆದುಕೊಳ್ಳುವುದು. ಎರಡನೆಯದನ್ನು ಕೇಳಿದ ಕೂಡಲೇ ಚಿಕ್ಕಪ್ಪನ ಮುಖ ಅರಳಿತು. ಸರ್ಕಾರದಲ್ಲೂ ತಮ್ಮಂಥವರೊಬ್ಬರು ಇದ್ದಾರೆಂದು ಅಂದೇ ಅವರಿಗೆ ಖಾತ್ರಿಯಾದದ್ದು.

ಪುಟ್ಟಿ ಈಗ ಹಾಸನದಲ್ಲಿ ಓದುತ್ತಿದ್ದಾಳೆ. ಚಿಕ್ಕಪ್ಪನ ಮೋಟಾರಿನ ಬಿಡಿಭಾಗಗಳು ಈಚೆಗೆ ಹಾಸನದಲ್ಲಿ ಮಾತ್ರ ಸಿಗುತ್ತವಂತೆ.

ಇಂಥ ಅಪ್ಪನನ್ನು ಹೊರಡಿಸಬೇಕಾದ ಮಕ್ಕಳಿಗೆ ನನ್ನದೊಂದು ಮಾತು. ದಿನಾಂಕ ಕೇಳಬೇಡಿ, ಡಿಕ್ಕಿ ಖಾಲಿ ಇಡಿ. ಕಾಲೇಜು ತಲುಪಿದ ಮೇಲೆ ಅವರನ್ನು ಲ್ಯಾಬಿಗೆ ಎಳೆಯಲೂ ಬೇಡಿ. ಪ್ಲೇಸ್‌ಮೆಂಟಿನ ಅಂಕಿ ವೆಬ್‌ಸೈಟಿನಲ್ಲೇ ಸಿಗುತ್ತದೆ. ಹಾಸ್ಟೆಲಿನ ನೀರಿನ ಸುದ್ದಿಯನ್ನು ಮಾಲಿ ಹೇಳುವುದು ಅಪ್ಪನಿಗೆ ಮಾತ್ರ.