ಫೋನ್ ಸ್ಟ್ಯಾಂಡಿನ ಆತ್ಮಕಥೆ

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವ ಜಾಗ ಒಂದೇ, ಕೊಬ್ಬರಿ ಅಟ್ಟದ ಕಿಂಡಿ. ಕ್ಯಾಲಿಫೋರ್ನಿಯಾದ ವಾರಾಂತ್ಯದ ಕನ್ನಡ ಶಾಲೆಯ ಮಕ್ಕಳಿಗೂ ತಿಪಟೂರು ಸೀಮೆಯ ನಮ್ಮೂರ ಮಕ್ಕಳಿಗೂ ವಿಡಿಯೋದಲ್ಲಿ ಭೇಟಿ ಮಾಡಿಸಲು ಹೊರಟ ಟೀಚರಮ್ಮ, ಅಂದರೆ ನನ್ನ ಹೆಂಡತಿ, ನನಗೆ ಫೋನ್ ಸ್ಟ್ಯಾಂಡಿನ ಹುದ್ದೆ ಕೊಟ್ಟಳು. ಏಣಿಯ ತುದಿಯಲ್ಲಿ ಕೂತು ಕೈ ಚಾಚಿ ಹಿಡಿಯಬೇಕು. ಉಸಿರಾಡಬಹುದು, ಮಾತಾಡುವಂತಿಲ್ಲ.

ದೂರದ ಪಾಠ ನಮ್ಮ ನಾಡಿಗೆ ಹೊಸದೇನಲ್ಲ. 1975ರಲ್ಲೇ ನಾಸಾದ ಉಪಗ್ರಹ ರಾಯಚೂರು, ಬಿಜಾಪುರ, ಗುಲ್ಬರ್ಗ ಕಡೆಯ ಹಳ್ಳಿಗಳ ಟಿವಿಗೆ ಪಾಠ ಇಳಿಸಿತ್ತು. 2004ರಲ್ಲಿ ಹಾರಿದ ಎಜುಸ್ಯಾಟ್ ಚಾಮರಾಜನಗರದ ಶಾಲೆಗಳಿಗೆ ಪಾಠ ಹೇಳಿತು. ಪಾಪ, ಅವು ಮರ್ಯಾದಸ್ಥ ಉಪಗ್ರಹಗಳು. ಪಾಠ ಹೇಳಿ ಸುಮ್ಮನಾದವೇ ಹೊರತು ಯಾರ ಮನೆಯ ಜೇಡರ ಬಲೆಯನ್ನೂ ನೋಡಲಿಲ್ಲ.

ನಮಗೆ ಭಾನುವಾರ ಬೆಳಿಗ್ಗೆ 7 ಗಂಟೆ, ಅವರಿಗೆ ಶನಿವಾರ ಸಂಜೆ 6:30. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆಂದು ಅಮ್ಮನಿಗೆ ವಿವರಿಸಿದೆ. "ನೀನೂ ಇಟ್ಕೊ, ಹಾಲು ಕರೆಯೋ ಹೊತ್ತಿಗಾದ್ರೂ ಏಳ್ತೀಯ" ಅಂದಳು.

ಆಟದ ಹೆಸರು ಮಿಸ್ಟರಿ ಸ್ಕೈಪ್. ಸ್ಕೈಪ್ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು, ಆಟ ಮಾತ್ರ ಉಳಿದಿದೆ. ಒಂದು ತರಗತಿ ಕೇಳುತ್ತಾ ಹೋಗಿ ಇನ್ನೊಂದರ ಊರು ಪತ್ತೆ ಹಚ್ಚಬೇಕು. ಹೌದು, ಇಲ್ಲ, ಎರಡೇ ಉತ್ತರ.

"ನಿಮ್ಮ ಊರಿನಲ್ಲಿ ತೆಂಗಿನ ಮರಗಳು ಇವೆಯೇ?" ಎಂಥ ಅಚ್ಚುಕಟ್ಟಾದ ಕನ್ನಡ! "ಹೌದು" ಎಂದು ನಡುಮನೆಯೇ ಕೂಗಿತು. "ಹಾಗಾದರೆ ಕೇರಳ!" "ಇಲ್ಲ." "ಗೋವಾ!" "ಇಲ್ಲ." "ಸಮುದ್ರ ಇದೆಯೇ?" "ಇಲ್ಲ." ಆ ಕಡೆ ಮೌನ. ಸಮುದ್ರವಿಲ್ಲದ ತೆಂಗು ಅವರ ಲೆಕ್ಕಕ್ಕೆ ಸಿಗಲಿಲ್ಲ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೇರಿ ನಮ್ಮ ಸೀಮೆಯ ಮಾನವೇ ಏಣಿಯ ಮೇಲೆ ನೇತಾಡುತ್ತಿದೆ ಅನ್ನಿಸಿ ನಾನು ಎದೆಯುಬ್ಬಿಸಿ ಒರಗಿದೆ. ಒರಗಿದ್ದು ಕಾಯಿ ರಾಶಿಗೆ.

ವರ್ಷದ ಹತ್ತಿರ ಹತ್ತಿರ ಅಟ್ಟದಲ್ಲಿ ಒಣಗಿ, ನೀರು ಇಂಗಿ, ಒಳಗೇ ಗಿಟುಕಾಗಿ ಕುಣಿಯುತ್ತಿದ್ದ ಕಾಯಿಗಳು ಗುಡುಗುಡು ಉರುಳಿದವು. ಫೋನ್ ಅಲ್ಲಾಡಿತು. ಅದರ ಹಿಂದಿದ್ದ ನಾನೂ ಅಲ್ಲಾಡಿದೆ. ಕ್ಯಾಲಿಫೋರ್ನಿಯಾ ಭೂಕಂಪದ ನಾಡು, ಶಾಲೆಯಲ್ಲೇ ತಾಲೀಮು ಮಾಡಿಸುತ್ತಾರೆ. ಪರದೆಯಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ಮೇಜಿನಡಿ ಸೇರಿಕೊಂಡರು.

"ರೀ, ಏನ್ರೀ ಅದು?"

ಸ್ಟ್ಯಾಂಡು ಮಾತಾಡುವಂತಿಲ್ಲವಲ್ಲ, ಸುಮ್ಮನಿದ್ದೆ. ಅಮ್ಮ ಉರುಳಿ ಬಂದ ಕಾಯೊಂದನ್ನು ಎತ್ತಿ ಕ್ಯಾಮೆರಾದ ಮುಂದೆ ಗಡಗಡ ಅಲ್ಲಾಡಿಸಿ, "ಹೆದರ್ಕೊಬೇಡ್ರಪ್ಪಾ, ಕೊಬ್ಬರಿ! ತಿಪಟೂರು ಕೊಬ್ಬರಿ!" ಎಂದು ಊರನ್ನೇ ಹೇಳಿಬಿಟ್ಟಳು. ಮೇಜಿನಡಿಯಿಂದ ಒಂದು ಪುಟ್ಟ ದನಿ: "ಧನ್ಯವಾದಗಳು ಅಜ್ಜಿ. ಮೇಲೆ ಇರುವ ಮಾಮ ಕ್ಷೇಮವೇ?"

"ಹೌದು, ಇಲ್ಲ ಅಂತಷ್ಟೇ ಹೇಳ್ಬೇಕು" ಎಂದು ನನ್ನವಳು ನೆನಪಿಸಿದಳು.