ಅರ್ಧ ತಾಸಿನ ಕಾಕಾ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನವರು ವಿಂಡೋಸ್ 10ರ ಕೈಬಿಟ್ಟರು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಮ್ 2.0 ಎಂಬುದೊಂದು ಇರುವ ಯಂತ್ರವೇ ಆಗಬೇಕು. ನಮ್ಮ ಜಯಸಿಂಗಪುರದ ಅಡತಿ ಅಂಗಡಿ, ಝೆರಾಕ್ಸ್ ಅಂಗಡಿ, ಟ್ಯೂಷನ್ ಕ್ಲಾಸುಗಳಲ್ಲಿ ಧೂಳು ಕುಡಿಯುತ್ತ ಕೂತ ಹಳೆಯ ಡಬ್ಬಿಗಳಿಗೆ ಆ ಭಾಗ್ಯ ಎಲ್ಲಿಂದ ಬರಬೇಕು? ಇದ್ದದ್ದನ್ನು ಬಿಸಾಡುವುದೋ, ಹೊಸದಕ್ಕೆ ಸಾಲ ಮಾಡುವುದೋ ಎಂದು ಊರು ಚಿಂತೆಗೆ ಬಿತ್ತು. ಒಬ್ಬರಿಗೆ ಮಾತ್ರ ಆ ದಿನ ಹಬ್ಬವಾಯಿತು. ಅವರೇ ಲಿನಕ್ಸ್ ಕಾಕಾ.

ಈ ಕಾಕಾ ನಿಮ್ಮೂರಿನಲ್ಲೂ ಇರುತ್ತಾರೆ. ಗಡಹಿಂಗ್ಲಜದಲ್ಲಿ ಅವರು ಕನ್ನಡ ಶಾಲೆಯ ಮಾಸ್ತರರಾಗಿರಬಹುದು, ಇಚಲಕರಂಜಿಯಲ್ಲಿ ಮಗ್ಗದ ಲೆಕ್ಕ ಬರೆಯುವವರಾಗಿರಬಹುದು, ಬೆಳಗಾವಿಯಲ್ಲಿ ಗಡ್ಡ ಬಿಟ್ಟ ಕಾಲೇಜು ಹುಡುಗನಾಗಿರಬಹುದು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸೇ ನಡೆಯುವುದರಿಂದ ಕಾಸರಗೋಡಿನಲ್ಲಿ ಈ ಜಾತಿಯವರನ್ನು ಸಂಬಳ ಕೊಟ್ಟು ಸಾಕುತ್ತಾರೆ. ನಾವು ಚಹಾ ಕೊಟ್ಟು ಸಾಕುತ್ತೇವೆ.

ನಮ್ಮ ಪಾಲಿಗೆ ಬಂದವರು ಸಕ್ಕರೆ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಿಂದ ನಿವೃತ್ತರಾದವರು. ನಮ್ಮ ಗಲ್ಲಿಯ ಕೊನೆಗೇ ಮನೆ. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಸ್ಕ್ರೂಡ್ರೈವರ್. ಕಂಪ್ಯೂಟರ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕರೆಯದೆಯೇ ಬರುತ್ತಾರೆ. ಬಂದವರು ಹೊಸ್ತಿಲಲ್ಲೇ ಘೋಷಣೆ ಮಾಡುತ್ತಾರೆ: “ಕಾಳಜಿ ಮಾಡಬ್ಯಾಡ ತಮ್ಮಾ, ಅರ್ಧಾ ತಾಸಿನ ಕೆಲಸ ಐತಿ.” ಆ ಅರ್ಧ ತಾಸಿನೊಳಗೆ ಎರಡು ಊಟ, ಒಂದು ನಿದ್ದೆ, ಹಲವು ಚಹಾ ಸಲೀಸಾಗಿ ಹಿಡಿಯುತ್ತವೆ. ಕಬ್ಬಿನ ಪರಿಷತ್ತು ನೆರೆದು, ದರ ಗೊತ್ತಾಗಿ, ಕಾರ್ಖಾನೆಯ ಗಾಳಪ ಶುರುವಾದರೂ ಕಾಕಾ ನಮ್ಮ ನಡುಮನೆಯಲ್ಲಿಯೇ ಇರುತ್ತಾರೆ.

ಸ್ಕ್ರೂ ಬಿಚ್ಚುವ ಮೊದಲು ಪುರಾಣ ಆಗಲೇಬೇಕು. 1991ರಲ್ಲಿ ಹೆಲ್ಸಿಂಕಿಯ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯಿಂದ ಅದು ಆರಂಭ. ಆಮೇಲೆ 2004ರ ಉಬುಂಟು ಅಧ್ಯಾಯ, ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಸೀಡಿ ಬರುತ್ತಿದ್ದ ಸತ್ಯಯುಗ. 2011ರಲ್ಲಿ ಅದು ನಿಂತದ್ದನ್ನು ಹೇಳುವಾಗ ಕಾಕಾರ ದನಿ ಸಣ್ಣದಾಗುತ್ತದೆ. ಆ ಸೀಡಿಗಳನ್ನು ಅವರು ಇನ್ನೂ ಎಸೆದಿಲ್ಲ. ಗಿಳಿಗಳು ಹೆದರಲಿ ಎಂದು ಪೇರಲ ಗಿಡಕ್ಕೆ ಕಟ್ಟಿದ್ದಾರೆ.

ಡಿಸ್ಕಿನ ಪಾರ್ಟಿಶನ್ ಎಂದರೇನು ಎಂದು ಮಾತ್ರ ಅವರನ್ನು ಕೇಳಬಾರದು. ನನ್ನ ಹೆಂಡತಿ ಒಮ್ಮೆ ಕೇಳಿದಳು.

“ನೋಡವ್ವಾ, ಡಿಸ್ಕ್ ಅಂದ್ರ ಹೊಲ. ಪಾರ್ಟಿಶನ್ ಟೇಬಲ್ ಅಂದ್ರ ಸಾತಬಾರಾ ಉತಾರಿ. ಹಳೇ ಎಂಬಿಆರ್ ಉತಾರಿ ಮ್ಯಾಲ ನಾಕ ಮಂದಿ ಅಣ್ಣತಮ್ಮರ ಹೆಸರ ಅಷ್ಟ ಕುಂದರತಾವು. ಐದನೇದಾಂವ ಹುಟ್ಟಿದ್ರ? ಒಬ್ಬಾಂವನ ಪಾಲಿಗೆ ಎಕ್ಸ್‌ಟೆಂಡೆಡ್ ಅಂತ ಹೆಸರಿಟ್ಟು, ಅದರಾಗ ಇವನ್ನ ಕೂಡಸಬೇಕು. ಎರಡು ಟೀಬಿ ಆಚೆ ಹೊಲ ಇದ್ರ ಅದು ಆ ಉತಾರ್ಯಾಗ ಕಾಣೂದಽ ಇಲ್ಲ. ಹೊಸಾ ಜಿಪಿಟಿ ಬಂತು, 128 ಮಂದೀಗೆ ಜಾಗಾ. ಮತ್ತ ಒಂದ ನೆನಪಿಡು. ಉತಾರಿ ಕಳದ್ರ ಹೊಲ ಎಲ್ಲಿಗೂ ಹೋಗಿರೂದಿಲ್ಲ.”

ಅವಳಿಗೆ ಅರ್ಥವಾಯಿತು. ತವರಿನ ಹೊಲದ ವಾಟಣಿ ಇನ್ನೂ ಕೋರ್ಟಿನಲ್ಲಿ ಇರುವುದರಿಂದ ಚೆನ್ನಾಗಿಯೇ ಅರ್ಥವಾಯಿತು.

ಇನ್ನು ನಮ್ಮ ಮನೆಯ ಪ್ರಕರಣ. ಕಾಕಾರ ಕೃಪೆಯಿಂದ ನಮ್ಮಲ್ಲಿ ಮೊದಲೇ ಲಿನಕ್ಸ್ ಇತ್ತು. ಒಂದು ಮೇ ತಿಂಗಳ ಸಂಜೆ ಗುಡುಗು ಮಳೆ ಬಂದು, ಅಪ್‌ಡೇಟ್ ನಡೆದಿರುವಾಗಲೇ ಕರೆಂಟ್ ಹೋಯಿತು. ಮತ್ತೆ ಬಂದಾಗ ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಶಬ್ದ, ಮುಂದೆ ಮಿಟುಕುವ ಗೆರೆ. ಕಾಕಾ ಬಂದರು. ದೋಷದ ಸಾಲನ್ನು ಗಟ್ಟಿಯಾಗಿ ಓದಿದರು: “ಅನ್‌ನೋನ್ ಫೈಲ್‌ಸಿಸ್ಟಮ್.” ಆಮೇಲೆ ನಮ್ಮೆಲ್ಲರ ಮುಖ ನೋಡಿ ಕೇಳಿದರು, “ಬ್ಯಾಕಪ್ ಐತೇನು?” ನಾವೆಲ್ಲ ನೆಲ ನೋಡಿದೆವು. ಅವರು ಬೈಯಲಿಲ್ಲ. ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ ಎಬ್ಬಿಸಿ, ಡಿಸ್ಕಿನಲ್ಲಿದ್ದ ಫೋಟೋ, ಪತ್ರ, ಹೆಂಡತಿಯ ಹೊಲಿಗೆ ಕೆಲಸದ ಲೆಕ್ಕ ಎಲ್ಲವನ್ನೂ ತಮ್ಮ ಸ್ವಂತ ಡಿಸ್ಕಿಗೆ ನಕಲು ಮಾಡಿಕೊಂಡ ಮೇಲೆಯೇ ಮುಂದಿನ ಮಾತು.

ಹೊಸದಾಗಿ ಹಾಕಲು ಶುರು ಮಾಡಿದರೆ ಅರ್ಧಕ್ಕೆ ಹೋಗಿ ನಿಲ್ಲುತ್ತದೆ. ಮತ್ತೆ ಹಾಕಿದರೆ ಬೇರೆ ಕಡೆ ನಿಲ್ಲುತ್ತದೆ. “ವಾಯರ್ ಸಡ್ಲ ಆಗಿರಬೇಕು ನೋಡ್ರಿ ಕಾಕಾ,” ಎಂದಳು ಮಗಳು. ಕಾಕಾ ನಕ್ಕರು. ಇಷ್ಟು ದೊಡ್ಡ ರೋಗಕ್ಕೆ ಇಷ್ಟು ಸಣ್ಣ ಕಾರಣವೇ?

ಮೊದಲ ಆರೋಪಿ ರ‍್ಯಾಮ್. ಅದನ್ನು ಕಿತ್ತು, ಮಗಳ ಕಂಪಾಸಿನಿಂದ ರಬ್ಬರ್ ತೆಗೆದು, ಅದರ ಹಳದಿ ಹಲ್ಲುಗಳನ್ನು ತಿಕ್ಕಿ ತಿಕ್ಕಿ ಮಿಂಚಿಸಿದರು. ಆಮೇಲೆ ಮೆಮ್‌ಟೆಸ್ಟ್ ಹಚ್ಚಿ, “ರಾತ್ರಿಯೆಲ್ಲಾ ಓಡಲಿ” ಎಂದು ಮನೆಗೆ ಹೋದರು. ನಸುಕಿನಲ್ಲಿ ಫೋನು. “ಎಷ್ಟ ಪಾಸ್ ಆದವು?” ಯಾರದೋ ಪರೀಕ್ಷೆಯ ಫಲಿತಾಂಶ ಬಂದಿದೆ ಎಂದುಕೊಂಡು ಹೆಂಡತಿ ಎದ್ದು ಕೂತಳು. ಎಲ್ಲ ಪಾಸ್, ಒಂದೂ ತಪ್ಪಿಲ್ಲ ಎಂದೆ. “ಅಯ್ಯ!” ಎಂದರು ಕಾಕಾ. ಆರೋಗ್ಯದ ಸುದ್ದಿ ಕೇಳಿ ಇಷ್ಟು ನಿರಾಶರಾದವರನ್ನು ನಾನು ನೋಡಿಲ್ಲ.

ಎರಡನೆಯ ಆರೋಪಿ ಮದರ್‌ಬೋರ್ಡಿನ ಮೇಲಿನ ಗುಂಡಿಯಂಥ ಸೆಲ್ಲು. ಬದಲಾಯಿಸಿದ್ದಾಯಿತು. ಮೂರನೆಯದು ಕರೆಂಟ್ ಹಂಚುವ ಎಸ್‌ಎಂಪಿಎಸ್. ಅದಕ್ಕಾಗಿ ಪಕ್ಕದ ಗಲ್ಲಿಯ ಝೆರಾಕ್ಸ್ ಅಂಗಡಿಯ ಯಂತ್ರ ಬಿಚ್ಚಿ ಅಲ್ಲಿನದನ್ನು ತಂದರು. ಈಗ ಕೆಟ್ಟು ಕೂತ ಯಂತ್ರಗಳು ಎರಡಾದವು. ಅಂಗಡಿಯವನು ಬಂದು ನಮ್ಮ ಬಾಗಿಲಲ್ಲಿ ನಿಂತ. ಅವನಿಗೂ ಚಹಾ.

ಕೊನೆಗೆ ಡಿಸ್ಕಿನ ಜಾತಕ ತೆಗೆದರು. ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆಯಂತೆ. ಸ್ಮಾರ್ಟ್ ಎಂದು ಅದಕ್ಕೆ ಹೆಸರು. ಕಾಕಾ ಕನ್ನಡಕ ಏರಿಸಿ ಸಾಲು ಸಾಲಾಗಿ ಬೆರಳಿಟ್ಟು ಓದಿದರು. ಕೆಟ್ಟ ಸೆಕ್ಟರುಗಳನ್ನು ಬೇರೆಡೆ ಸರಿಸಿದ್ದು ಎಷ್ಟು ಎಂದು ಹೇಳುವ 5ನೆಯದು ಸೊನ್ನೆ. ಅನುಮಾನದ ಸೆಕ್ಟರುಗಳ 197 ಕೂಡ ಸೊನ್ನೆ. 199 ಮಾತ್ರ ನೋಡನೋಡುತ್ತಲೇ ಏರುತ್ತಿದೆ. ಕಾಕಾ ಸುಮ್ಮನಾದರು. ಡಿಸ್ಕಿಗೂ ಬೋರ್ಡಿಗೂ ನಡುವಿನ ಹಾದಿಯಲ್ಲಿ ಡೇಟಾ ಕೆಟ್ಟರೆ ಏರುವ ಲೆಕ್ಕ ಅದು. ಹಾದಿ ಎಂದರೆ ಕೆಂಪು ಸಾಟಾ ಕೇಬಲ್ಲು. ಅಂದರೆ ವಾಯರ್. ಮಗಳು ಏನೂ ಹೇಳಲಿಲ್ಲ, ರಬ್ಬರ್ ವಾಪಸು ಕೇಳಿದಳಷ್ಟೆ.

ಹೊಸ ಕೇಬಲ್ ಬಂತು, ಲಿನಕ್ಸ್ ಒಂದೇ ಓಟಕ್ಕೆ ಕೂತಿತು, ನಾವು ಪೇಢೆ ಹಂಚಿದೆವು. ಕಾಕಾ ಕೀಲಿಗೊಂಚಲು ತೆಗೆದುಕೊಂಡು ಮನೆಗೆ ಹೋದರು. ಮರುದಿನ ಬೆಳಿಗ್ಗೆ ಕಂಪ್ಯೂಟರ್ ಶುರುವಾಗಲಿಲ್ಲ. ಕರೆಸಿದೆವು. ಅವರು ಬಂದು ಮುಟ್ಟಿದರೆ ಶುರು. ಹೋದ ಮೇಲೆ ಮತ್ತೆ ಇಲ್ಲ. ಇದು ಕೈಗುಣವೆಂದು ಹೆಂಡತಿ ನಂಬಿದಳು. ಕೈಗುಣದ ಗುಟ್ಟು ಇಷ್ಟೇ: ಇನ್‌ಸ್ಟಾಲ್ ಮಾಡುವಾಗ ಬೂಟ್‌ಲೋಡರ್ ಎಂಬ ಮೊದಲ ತುಣುಕು ನಮ್ಮ ಡಿಸ್ಕಿಗೆ ಹೋಗದೆ, ಯಂತ್ರಕ್ಕೆ ಚುಚ್ಚಿದ್ದ ಕಾಕಾರ ಪೆನ್‌ಡ್ರೈವ್‌ಗೆ ಹೋಗಿ ಕೂತಿತ್ತು. ಆ ಪೆನ್‌ಡ್ರೈವ್ ಇದ್ದದ್ದು ಅವರ ಸ್ಕೂಟರಿನ ಕೀಲಿಗೊಂಚಲಿನಲ್ಲಿ. ಹೀಗಾಗಿ ನಮ್ಮ ಕಂಪ್ಯೂಟರ್ ಚಾಲೂ ಆಗಬೇಕೆಂದರೆ ಕಾಕಾರ ಸ್ಕೂಟರ್ ಬಂದ್ ಆಗಬೇಕಿತ್ತು.

ದಿನಾ ಬೆಳಿಗ್ಗೆ ಬರತೊಡಗಿದರು. ಕೀಲಿ ಚುಚ್ಚಿ, ಯಂತ್ರ ಎಬ್ಬಿಸಿ, ಉಪ್ಪಿಟ್ಟು ತಿಂದು ಹೋಗುವರು. ಕಾಕಿ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಬೆಳಗಿನ ಒಲೆ ಹೊತ್ತುವುದು ಕಡಿಮೆ. ಪುಣೆಯ ಮಗ ಒಂದು ಟ್ಯಾಬ್ ಕಳಿಸಿದ್ದಾನೆ. “ಛಲೋ ಐತಿ,” ಎನ್ನುತ್ತಾರೆ, “ಆದ್ರ ಇದಕ್ಕ ಬಿಚ್ಚಾಕ ಒಂದ ಸ್ಕ್ರೂನೂ ಇಲ್ಲ ನೋಡು.”

ಬೂಟ್‌ಲೋಡರನ್ನು ಡಿಸ್ಕಿಗೆ ಹಾಕಲು ಒಂದೇ ಸಾಲಿನ ಆಜ್ಞೆ ಸಾಕು. ಅದು ಅವರಿಗೆ ಗೊತ್ತಿರಲಿಲ್ಲವೇ? 2019ರ ಆಗಸ್ಟಿನ ಮಹಾಪೂರದಲ್ಲಿ ಕೃಷ್ಣೆ ಪಂಚಗಂಗೆಯರು ಒಂದಾಗಿ ಶಿರೋಳ ತಾಲೂಕನ್ನು ಮುಳುಗಿಸಿದಾಗ, ಕುರುಂದವಾಡದ ನಮ್ಮ ಬೀಗರು ಉಟ್ಟ ಬಟ್ಟೆಯಲ್ಲಿ ಬಂದರು. ಕಂಪ್ಯೂಟರನ್ನು ಅಟ್ಟದ ಮೇಲೆ ಇಟ್ಟು ಉಳಿಸಿದ್ದರು. ಊರಿಗೆ ಮರಳಿದ ಮೇಲೆ ಅವರ ಹುಡುಗ ಅವಸರದಲ್ಲಿ ಅದಕ್ಕೆ ಹೊಸ ಸಿಸ್ಟಮ್ ಹಾಕಲು ಹೋಗಿ ‘ಇಡೀ ಡಿಸ್ಕ್ ಅಳಿಸು’ ಒತ್ತಿದ. ಗೋಡೆಯ ಫೋಟೋಗಳನ್ನು ನೀರು ಒಯ್ದಿತ್ತು, ಡಿಸ್ಕಿನಲ್ಲಿದ್ದವನ್ನು ಇವನು ಒಯ್ದ. ಕಾಕಾ ಮೊದಲು ಟೆಸ್ಟ್‌ಡಿಸ್ಕ್ ಓಡಿಸಿ ಹಳೆಯ ಉತಾರಿ ಹುಡುಕಿದರು. ಅದು ಪೂರ್ತಿ ಸಿಗದಾಗ ಫೋಟೋರೆಕ್ ಹಚ್ಚಿದರು. ಅದು ಚಿತ್ರಗಳನ್ನು ಎತ್ತಿಕೊಡುತ್ತದೆ, ಹೆಸರುಗಳನ್ನು ಕೊಡುವುದಿಲ್ಲ. ಎಫ್ ಅಕ್ಷರದ ಮುಂದೆ ಉದ್ದುದ್ದ ಅಂಕಿಗಳ ರಾಶಿ. ಕಾಕಾ ಆ ರಾಶಿಯ ಮುಂದೆ ಕೂತು, ಸೀರೆಯ ಬಣ್ಣ ನೋಡಿ, ಹಂದರ ನೋಡಿ, ಇದು ದೊಡ್ಡವಳ ಮದುವೆ, ಇದು ಸಣ್ಣವನ ಹೆಸರಿಡುವ ದಿನ ಎಂದು ಬೇರೆಯವರ ಮನೆಯ ಇತಿಹಾಸವನ್ನು ಹೊಂದಿಸಿಕೊಟ್ಟರು. ತಪ್ಪಾದದ್ದು ಒಂದೇ: ಬೀಗರ ತಂಗಿಯನ್ನು ಅವಳ ವಾರಗಿತ್ತಿಯ ಮದುವೆಗೆ ಮದುಮಗಳಾಗಿ ಕಳಿಸಿದ್ದರು. ಇಂಥವರಿಗೆ ಬೂಟ್‌ಲೋಡರಿನ ಒಂದು ಸಾಲು ಗೊತ್ತಿಲ್ಲವೆಂದರೆ ನಾನು ನಂಬಲಾರೆ. ಕೇಳಲೂ ಹೋಗಲಿಲ್ಲ.

ಮಗಳು ಕೇಳಿದಳು. ಕೇಳಿದ್ದಷ್ಟೇ ಅಲ್ಲ, ಅವರೆದುರಿಗೇ ಕೀಬೋರ್ಡ್ ಎಳೆದುಕೊಂಡು ಆ ಸಾಲು ಹೊಡೆದಳು. ಕಾಕಾ ಪರದೆಯನ್ನೂ ಅವಳನ್ನೂ ಒಂದು ಕ್ಷಣ ನೋಡಿದರು. “ಎಸ್‌ಡಿಬಿ ಡಿಸ್ಕಿಗೆ ಹಾಕಿದ್ಯಾ? ಬರೋಬರಿ ಐತಿ. ಆದ್ರ ಹೋಮ್ ಪಾರ್ಟಿಶನ್ ಬ್ಯಾರೆ ಮಾಡಿಲ್ಲಲ್ಲವ್ವಾ.” ಎಕ್ಸ್‌ಟಿ4 ಸಾಕೆಂದು ಅವರು, ಬಿಟಿಆರ್‌ಎಫ್‌ಎಸ್ ಆಗಬೇಕೆಂದು ಅವಳು. ಫೈಲ್‌ಸಿಸ್ಟಮ್‌ನ ಆ ವಾದ ಇನ್ನೂ ಮುಗಿದಿಲ್ಲ. ಸದ್ಯ ಒಂದು ಎಸ್‌ಎಸ್‌ಡಿ ತರಿಸಿದ್ದಾರೆ. ನಡುಮನೆಯ ಚಾಪೆಯ ಮೇಲೆ ಯಂತ್ರ ಬಿಚ್ಚಿಕೊಂಡು ಬಿದ್ದಿದೆ, ನನ್ನನ್ನು ಹತ್ತಿರ ಬಿಡುತ್ತಿಲ್ಲ. ಇದನ್ನು ಹೆಂಡತಿಯ ಹೊಲಿಗೆ ಲೆಕ್ಕದ ವಹಿಯ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಅವಳು ಆಗಲೇ ಎರಡು ಸಲ ವಹಿ ಕೇಳಿದ್ದಾಳೆ.