ಕಳೆ ಕೂಲಿ

ಜಹೀರಾಬಾದ್ ಹತ್ತಿರದ ನಮ್ಮೂರು ಪಸ್ತಾಪುರ ಕುಂತಲ್ಲೇ ಕುಂತಿದೆ. ತಿರುಗಾಡುವುದು ಅದರ ವಿಳಾಸ. 1956ರ ತನಕ ಜಹೀರಾಬಾದ್, ನಾರಾಯಣಖೇಡ್ ಎರಡೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಆ ವರ್ಷದ ನವೆಂಬರ್ 1ಕ್ಕೆ ಬೀದರ್ ಮೈಸೂರಿನ ಕಡೆ ಎದ್ದು ಹೋಯಿತು, ನಾವು ಆಂಧ್ರಪ್ರದೇಶದ ಪಂಕ್ತಿಯಲ್ಲಿ ಮೆದಕ್ ಜಿಲ್ಲೆಯೊಳಗೆ ಕೂತೆವು. 2014ರಲ್ಲಿ ರಾಜ್ಯ ತೆಲಂಗಾಣವಾಯಿತು, 2016ರಲ್ಲಿ ಜಿಲ್ಲೆ ಸಂಗಾರೆಡ್ಡಿಯಾಯಿತು. ನಮ್ಮ ಕಾಕಾನ ಬೈಕಿನ ನಂಬರ್ ಪ್ಲೇಟಿಗೆ ಎಪಿ, ಅವನ ಮಗನ ಬೈಕಿಗೆ ಟಿಎಸ್, ಮೊನ್ನೆ ಬಂದ ಸೊಸೆಯ ಸ್ಕೂಟಿಗೆ ಟಿಜಿ. ಮೂರೂ ಒಂದೇ ಅಂಗಳದಲ್ಲಿ ಒಂದಕ್ಕೊಂದು ಒರಗಿ ನಿಲ್ಲುತ್ತವೆ.

ಇದನ್ನು ದೂರಾಗಿ ಹೇಳುತ್ತಿಲ್ಲ. ನನ್ನ ಹೊಟ್ಟೆಪಾಡು ಶುರುವಾದದ್ದೇ ಇದರಿಂದ. ಆನ್‌ಲೈನ್ ಅಂಗಡಿ ನಡೆಸುವ ಒಂದು ಓಪನ್ ಸೋರ್ಸ್ ತಂತ್ರಾಂಶದಲ್ಲಿ ಗಿರಾಕಿ ತನ್ನ ರಾಜ್ಯ ಆರಿಸಿಕೊಳ್ಳುವ ಪಟ್ಟಿ ಇತ್ತು. ಆ ಪಟ್ಟಿಯಲ್ಲಿ ತೆಲಂಗಾಣ ಇರಲಿಲ್ಲ. ಅದನ್ನು ಯಾರು ಸೇರಿಸಬೇಕು? ಯಾರಿಗೆ ಬೇಕೋ ಅವರು. ಸೇರಿಸಿ ಕಳಿಸಿದೆ. ಯಾವುದೋ ದೇಶದ ಯಾರೋ ಒಬ್ಬ ಪುಣ್ಯಾತ್ಮ ಅದನ್ನು ನೋಡಿ, ಸರಿಯಿದೆ ಎಂದು ಒಳಗೆ ಬಿಟ್ಟುಕೊಂಡ. ಒಂದು ರಾಜ್ಯಕ್ಕಾಗಿ ದಶಕಗಟ್ಟಲೆ ಹೋರಾಟ ನಡೆದಿತ್ತು. ನನಗೆ ಖರ್ಚಾದದ್ದು ಒಂದು ಸಾಲು, ಎರಡು ಉದ್ಧರಣ ಚಿಹ್ನೆ ಮತ್ತು ಒಂದು ಅಲ್ಪವಿರಾಮ. ಬಂದ ಸಂಭಾವನೆ: ಒಂದು ಹೆಬ್ಬೆರಳಿನ ಚಿತ್ರ.

ಅಂದಿನಿಂದ ನಾನು ಸ್ವತಂತ್ರ ವೆಬ್ ಡೆವಲಪರ್. ನಮ್ಮ ಕಡೆ ಇದನ್ನು 'ಮನ್ಯಾಗೇ ಇರ್ತಾನ' ಎಂದು ಕರೆಯುತ್ತಾರೆ.

ವರ್ಡ್‌ಪ್ರೆಸ್, ದ್ರುಪಲ್ ಮುಂತಾದ ತಂತ್ರಾಂಶಗಳಿಂದ ಜಾಲತಾಣ ಕಟ್ಟಿಕೊಡುವುದು ನನ್ನ ಕಸುಬು. ಈ ತಂತ್ರಾಂಶಗಳನ್ನು ಬರೆದವರು ಅವುಗಳ ಒಡಲನ್ನೇ ಬಿಚ್ಚಿಟ್ಟಿದ್ದಾರೆ: ಯಾರು ಬೇಕಾದರೂ ಒಯ್ಯಿರಿ, ತಿದ್ದಿರಿ, ಹಂಚಿರಿ, ಆದರೆ ಮುಂದಿನವರಿಗೆ ಕೊಡುವಾಗ ಇದೇ ಷರತ್ತಿನ ಮೇಲೆ ಕೊಡಿರಿ. ಬರೆದವನು ಕೈಬಿಟ್ಟರೆ ಬೇರೆಯವರು ಅದರಿಂದ ಕವಲು ತೆಗೆದು ನಡೆಸಬಹುದು. ವರ್ಡ್‌ಪ್ರೆಸ್ ಹುಟ್ಟಿದ್ದೇ ಹಾಗೆ. ಬಿ2 ಎಂಬ ತಂತ್ರಾಂಶದ ಕೆಲಸ ನಿಂತುಹೋದಾಗ ಅಮೆರಿಕದ ಮ್ಯಾಟ್ ಮುಲ್ಲೆನ್‌ವೆಗ್, ಇಂಗ್ಲೆಂಡಿನ ಮೈಕ್ ಲಿಟಲ್ ಇಬ್ಬರೂ ಸೇರಿ 2003ರಲ್ಲಿ ಅದರಿಂದ ಕವಲು ತೆಗೆದರು. 1956ರಲ್ಲಿ ನಮ್ಮನ್ನೂ ಬೀದರ್‌ನಿಂದ ಕವಲು ತೆಗೆದರಲ್ಲ, ಅದರಂತೆಯೇ. ಹೊಸ ಕವಲಿನಲ್ಲಿ ಹೆಸರು, ಬಾಗಿಲು, ಬಣ್ಣ ಎಲ್ಲ ಬದಲಾಗುತ್ತವೆ, ಒಳಗಿನ ಟಿಪ್ಪಣಿಗಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಬೋರ್ಡೆಲ್ಲ ತೆಲುಗಾಗಿ, ಸಂತೆಯಲ್ಲಿ ಉರ್ದು ನಡೆದು, ನಾವು ಅಡುಗೆಮನೆಯಲ್ಲಿ ಇಂದಿಗೂ ಕನ್ನಡದಲ್ಲಿ ಬೈಸಿಕೊಳ್ಳುವುದು ಬಹುಶಃ ಹೀಗೆ.

ಆದರೆ ಇದನ್ನು ನೆಂಟರಿಗೆ ತಿಳಿಸಿ ಹೇಳುವ ಹೊತ್ತಿಗೆ ಚಹಾ ಆರಿರುತ್ತದೆ. "ಕಂಪನಿ ಯಾವ್ದು?" ಕಂಪನಿ ಇಲ್ಲ. "ಸಾಹೇಬ್ರು ಯಾರು?" ಇಲ್ಲ. "ಪಗಾರ?" ತಿಂಗಳ ಪಗಾರ ಅಂತ ಇಲ್ಲ. "ಮತ್ತ ನೀ ಬರ್ದಿದ್ದು ಯಾರಿಗಿ ಮಾರ್ತಿ?" ಮಾರುವುದಿಲ್ಲ, ಹಾಗೇ ಇಟ್ಟಿರುತ್ತೇನೆ. ಮಾವ ನನ್ನ ಅಪ್ಪನ ಕಡೆ ನೋಡುತ್ತಾರೆ. ಅಪ್ಪ ಗೋಡೆಯ ಮೇಲಿನ ಝರಾಸಂಗದ ಸಂಗಮೇಶ್ವರನ ಫೋಟೋದ ಕಡೆ ನೋಡುತ್ತಾನೆ.

ಇಡೀ ಬಳಗದಲ್ಲಿ ಇದು ಒಂದೇ ಏಟಿಗೆ ತಿಳಿದದ್ದು ನಮ್ಮ ದೊಡ್ಡವ್ವನಿಗೆ. ಆಕೆ ಸಂಘಂ ಹೆಣ್ಣುಮಗಳು. ಪಸ್ತಾಪುರವೆಂದರೆ ಹೊರಗಿನವರಿಗೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಊರು. ದೂರದರ್ಶನದಲ್ಲಿ ಕಾರ್ಯಕ್ರಮ ಮಾಡುತ್ತಿದ್ದ ಮೈಸೂರಿನ ಪಿ.ವಿ. ಸತೀಶ್ ಗೆಳೆಯರ ಜೊತೆ ಸೇರಿ 1983ರಲ್ಲಿ ಕಟ್ಟಿದ ಸಂಸ್ಥೆ ಅದು; ಅದರ ಹಳ್ಳಿ ಹೆಣ್ಣುಮಕ್ಕಳ ಕೂಟಗಳೇ ಸಂಘಂಗಳು. ಅದೇ 1983ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬಾತ, ಎಲ್ಲರೂ ಹಂಚಿಕೊಳ್ಳಬಹುದಾದ ಗ್ನೂ ಎಂಬ ತಂತ್ರಾಂಶ ಬರೆಯುತ್ತೇನೆಂದು ಸಾರಿದ. ಅವರ ಸುದ್ದಿ ಇವರಿಗಿಲ್ಲ, ಇವರ ಸುದ್ದಿ ಅವರಿಗಿಲ್ಲ. ಇಲ್ಲಿ ಸಂಘಂಗಳ ಬಡ ಹೆಣ್ಣುಮಕ್ಕಳು, ಬಹುಪಾಲು ದಲಿತರು, ಬರಡು ಕೆಂಪು ನೆಲದಲ್ಲಿ ಜೋಳ, ಸಜ್ಜೆ, ನವಣೆ, ಸಾವೆ, ತೊಗರಿ, ಪುಂಡಿ ಎಲ್ಲವನ್ನೂ ಕಲಸಿ ಬಿತ್ತಿ, ಬೀಜವನ್ನು ಬೂದಿ, ಬೇವಿನೆಲೆ ಬೆರೆಸಿ ಗಡಿಗೆ ಬುಟ್ಟಿಗಳಲ್ಲಿ ಕಾದಿಟ್ಟರು. ಬೀಜವನ್ನು ಮಾರುವುದಿಲ್ಲ. ಬೇಕೆಂದವರು ಒಯ್ಯುತ್ತಾರೆ, ಬೆಳೆ ಬಂದಮೇಲೆ ಒಯ್ದದ್ದಕ್ಕಿಂತ ಹೆಚ್ಚು ತಂದು ಕೊಡುತ್ತಾರೆ. ಸಂಕ್ರಾಂತಿ ಹೊತ್ತಿಗೆ ಅದೇ ಬೀಜಗಳನ್ನು ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಹೇರಿಕೊಂಡು ಊರೂರಿಗೆ ಜಾತ್ರೆ ಹೊರಡುತ್ತದೆ.

ಹೀಗಾಗಿ ನಾನು ಓಪನ್ ಸೋರ್ಸ್ ಪುರಾಣ ಶುರುಮಾಡಿದ ಅರ್ಧಕ್ಕೇ ದೊಡ್ಡವ್ವ ಕೈಯೆತ್ತಿ ನಿಲ್ಲಿಸಿದಳು.

"ತಿಳೀತ್ ಬಿಡು. ಬೀಜಕ್ಕ ರೊಕ್ಕ ಇಲ್ಲ. ಅದ್ರಾಗೇನದ ಅಷ್ಟು ಹೇಳಾಂಥಾದು?"

"ಅವ್ರಿಗಿ ಅದೇ ತಿಳಿಯಂಗಿಲ್ಲ ದೊಡ್ಡವ್ವಾ."

"ಬೀಜಕ್ಕ ಇಲ್ಲಂದ್ರ ಕಳಿಗಿ ಬ್ಯಾಡೇನು? ಕಳಿ ತೆಗ್ಯಾಕ ಹೋದ್ರ ಕೂಲಿ ತೊಗೊಳ್ದಾ ಬರ್ತೀವೇನು ನಾವು? ಬಗ್ಗಿ ಬಗ್ಗಿ ನಡಾ ಹೋಗ್ತದ."

ನಡು ನನ್ನದೂ ಹೋಗಿತ್ತು. ಆ ಮಾತನ್ನು ಅಲ್ಲೇ ಹಿಡಿದುಕೊಂಡೆ. ತಂತ್ರಾಂಶ ಪುಕ್ಕಟೆ. ಅದನ್ನು ನಿಮ್ಮ ಅಂಗಡಿಗೆ ಹೊಂದಿಸುವುದು, ವರ್ಷವಿಡೀ ಕಾಯುವುದು, ಹೊಸ ಆವೃತ್ತಿ ಬಂದಾಗ ಹಳೆಯದು ಮುಗ್ಗರಿಸದಂತೆ ನೋಡುವುದು ಕೂಲಿ ಕೆಲಸ. ಆ ರಾಜ್ಯಗಳ ಪಟ್ಟಿಯಲ್ಲಿ ತೆಲಂಗಾಣಕ್ಕೆ ಟಿಎಸ್ ಎಂದು ಬರೆದಿಟ್ಟ ಸಾಲು ತಾನಾಗಿ ಕೆಟ್ಟಿರಲಿಲ್ಲ. 2024ರ ಮಾರ್ಚಿನಲ್ಲಿ ಸರ್ಕಾರ ಟಿಜಿ ಎಂದಿತು, ಸಾಲು ಕೆಟ್ಟಿತು. ಲೋಕ ಸುಮ್ಮನೆ ಕೂಡುವುದಿಲ್ಲವಾದ್ದರಿಂದ ನಮಗೆ ಅನ್ನ.

ಇದನ್ನು ಒಪ್ಪದವರು ನನ್ನ ಗಿರಾಕಿಗಳು. ಅದರಲ್ಲೂ ಒಬ್ಬರು ಶುಂಠಿ ವ್ಯಾಪಾರಿ. ಜಹೀರಾಬಾದ್ ಸುತ್ತ ಶುಂಠಿ ಬೆಳೆ ಜೋರು. ಇವರಿಗೆ ಹೈದರಾಬಾದ್‌ನಿಂದ ಸೊಲ್ಲಾಪುರದವರೆಗೆ ಹೆದ್ದಾರಿಯುದ್ದಕ್ಕೂ ಗಿರಾಕಿಗಳು. ಆದ್ದರಿಂದ ತಾಣ ತೆಲುಗು, ಕನ್ನಡ, ಉರ್ದು, ಮರಾಠಿ ನಾಲ್ಕರಲ್ಲೂ ಬೇಕೆಂದರು. ಕನ್ನಡದ ಬರಹವನ್ನು ಬೀದರ್‌ನ ಡಿಟಿಪಿ ಅಂಗಡಿಯಲ್ಲಿ ಹಳೆಯ ಕಾಲದ ಫಾಂಟಿನಲ್ಲಿ ಹೊಡೆಸಿ ತಂದರು. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ, ಆ ಅಂಗಡಿಗೆ ಸುದ್ದಿ ಇನ್ನೂ ದಾರಿಯಲ್ಲಿದೆ. ತಾಣಕ್ಕೆ ಅಂಟಿಸಿದರೆ 'ಉತ್ತಮ ಗುಣಮಟ್ಟದ ಶುಂಠಿ' ಎಂಬುದು ಇಂಗ್ಲಿಷ್ ಅಕ್ಷರಗಳು ಕುಡಿದು ಬಿದ್ದಂತೆ ಕಾಣುತ್ತಿತ್ತು. ಯಾರೋ ಕನ್ನಡದ ಹುಡುಗರು ಬರೆದು ಬಿಟ್ಟಿಯಾಗಿ ಬಿಟ್ಟಿದ್ದ ಪರಿವರ್ತಕದಿಂದ ಅದನ್ನು ಎಬ್ಬಿಸಿ ಕೂರಿಸಿದೆ. ಅರ್ಕಾವತ್ತು ಬಂದಲ್ಲೆಲ್ಲ ಅದೂ ತಡವರಿಸಿತು, ಕೈಯಿಂದ ತಿದ್ದಿ, ಆ ತಿದ್ದುಪಡಿಯನ್ನು ಆ ಹುಡುಗರಿಗೇ ಕಳಿಸಿದೆ.

ಉರ್ದುವಿನದು ಬೇರೆಯೇ ಕಥೆ. ಬಲದಿಂದ ಎಡಕ್ಕೆ ಓಡುವ ಲಿಪಿ; ಪುಟ ಇಡೀ ತಿರುಗಿ ಕೂರಬೇಕು. ಎಡದಲ್ಲಿದ್ದ ವ್ಯಾಪಾರಿಗಳ ಫೋಟೋ ಬಲಕ್ಕೆ ಹೋಯಿತು. ಫೋನ್ ಬಂತು: "ತಮ್ಮಾ, ಉರ್ದುದಾಗ ನನ್ನ ಮೂಲಿಗಿ ಸರಿಸಿದಿ." ಅದೇ ಗೌರವದ ಜಾಗ ಎಂದು ವಿವರಿಸಿದೆ. ಹಾಗಿದ್ದರೆ ಉಳಿದ ಮೂರರಲ್ಲೂ ಅಲ್ಲೇ ಇಡು ಎಂದರು.

ವರ್ಷ ತುಂಬಿ ದೇಖರೇಖಿಯ ಬಿಲ್ ಕಳಿಸಿದಾಗ ನಿಜವಾದ ಆಕ್ಷೇಪಣೆ ಬಂತು. "ಇದು ನೆಟ್‌ನ್ಯಾಗ ಪುಕ್ಕಟ ಸಿಗ್ತದಂತ, ನಮ್ಮ ಅಕ್ಕನ ಮಗ ಹೇಳ್ಯಾನ." ಗಿರಾಕಿಗಳ ಅಕ್ಕನ ಮಕ್ಕಳು ಈ ಉದ್ಯಮದ ಅತ್ಯಂತ ದೊಡ್ಡ ತಜ್ಞರ ಪಡೆ. ಕಾಯದಿದ್ದರೆ ಏನಾಗುತ್ತದೆ ಎಂದು ತಿಳಿಸಲು 2024ರ ಎಕ್ಸ್‌ಜೆಡ್ ಪ್ರಕರಣ ಹೇಳಿದೆ. ಲೋಕದ ಅಸಂಖ್ಯ ಕಂಪ್ಯೂಟರುಗಳಲ್ಲಿ ಇರುವ ಒಂದು ಸಣ್ಣ ತಂತ್ರಾಂಶ. ನೋಡಿಕೊಳ್ಳುತ್ತಿದ್ದವನು ದಣಿದ ಒಬ್ಬ ಸ್ವಯಂಸೇವಕ. ಸಹಾಯಕ್ಕೆಂದು ಬಂದವನೊಬ್ಬ ಎರಡು ವರ್ಷಕ್ಕೂ ಮೇಲ್ಪಟ್ಟು ನಂಬಿಕೆ ಗಳಿಸಿ, ಕಡೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ, ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಎಂದು ಅನುಮಾನ ಬಂದು, ಕೆದಕಿದಾಗ ಸಿಕ್ಕಿಬಿತ್ತು. ಅರ್ಧ ಸೆಕೆಂಡ್!

ವ್ಯಾಪಾರಿಗಳು ಗಂಭೀರವಾಗಿ ಕೇಳಿದರು. "ಅರ್ಧ ಸೆಕೆಂಡಿಗಿ ಅಷ್ಟು ಗದ್ಲಾ? ನನ್ನ ಸೈಟ್ ಅರ್ಧ ನಿಮಿಷ ತೊಗೊಳ್ತದ. ಬಿಲ್‌ನ್ಯಾಗ ಎಷ್ಟ್ ಕಡ್ಮಿ ಮಾಡ್ತಿ ಹೇಳು."

ನಾನು ಸೋತೆ. ಪಕ್ಕದಲ್ಲಿ ಪುಂಡಿ ಸೋಸುತ್ತಿದ್ದ ದೊಡ್ಡವ್ವ ಫೋನ್ ಕಸಿದುಕೊಂಡಳು. ಮಾಚನೂರಿನಲ್ಲಿ 2008ರಿಂದ ಸಂಘಂ ಹೆಣ್ಣುಮಕ್ಕಳೇ ನಡೆಸುವ ರೇಡಿಯೋದಲ್ಲಿ ಸೋಬಾನೆ ಹಾಡಿದವಳು, ಮೈಕು ಆಕೆಗೆ ಹೊಸದಲ್ಲ.

"ಸಾವ್ಕಾರ್ರ, ಶುಂಠಿ ಹೊಲಕ್ಕ ಕಳಿ ತೆಗ್ಯಾಕ ಯಾರ್ನ ಕರೀತೀರಿ?"

"ಆಳ್ ಕರೀತೀವಿ ಬೇ."

"ಮಳೀ ದೇವ್ರು ಪುಕ್ಕಟ ಕೊಡ್ತಾನ, ಮಣ್ಣು ಪುಕ್ಕಟ ಅದ, ನಿಮ್ಗ್ಯಾಕ ಕೂಲಿ ಅಂತೀರೇನು ಅವ್ರಿಗಿ?"

ಆ ಕಡೆ ಸ್ವಲ್ಪ ಹೊತ್ತು ಲಾರಿಗಳ ಸದ್ದು ಮಾತ್ರ ಕೇಳಿತು. ಸಂಜೆಗೆ ಅರ್ಧ ಹಣ ಬಂತು. ಉಳಿದರ್ಧಕ್ಕೆ ಒಂದು ಚೀಲ ಹಸಿ ಶುಂಠಿ ಬಂತು. ಕೆಲವು ವಾರ ನಮ್ಮ ಮನೆಯಲ್ಲಿ ಮಜ್ಜಿಗೆಗೂ ಪಲ್ಯಕ್ಕೂ ವಾಸನೆಯಲ್ಲಿ ವ್ಯತ್ಯಾಸ ಇರಲಿಲ್ಲ.

ಆಮೇಲಿಂದ ಬಿಲ್ಲಿನಲ್ಲಿ 'ವಾರ್ಷಿಕ ನಿರ್ವಹಣಾ ಶುಲ್ಕ' ಎಂಬುದನ್ನು ಹೊಡೆದು 'ಕಳೆ ಕೂಲಿ' ಎಂದು ಬರೆಯತೊಡಗಿದೆ. ಗಿರಾಕಿಗಳು ಚೌಕಾಸಿ ಮಾಡುವುದು ನಿಂತಿತು ಎನ್ನಲಾರೆ, ಆದರೆ ಚೌಕಾಸಿ ಈಗ ರೇಟಿನ ಮೇಲೆ ನಡೆಯುತ್ತದೆ, ಕೂಲಿ ಯಾಕೆ ಎಂಬುದರ ಮೇಲಲ್ಲ. ತೊಡಕು ಬಂದದ್ದು ಆದಾಯ ತೆರಿಗೆಯ ಹೊತ್ತಿಗೆ. ಜಹೀರಾಬಾದ್‌ನ ನಮ್ಮ ಲೆಕ್ಕದವರು ಬಿಲ್ಲುಗಳನ್ನು ಒಂದೊಂದಾಗಿ ತಿರುವಿ ಹಾಕಿ, ಮುಖ ಅರಳಿಸಿ, ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲವಲ್ಲ ಎಂದರು. ಮರುಗಳಿಗೆಗೇ ಹುಬ್ಬು ಗಂಟಿಕ್ಕಿದರು.

"ಖರೇ, ಕೂಲಿಗಿ ಅದು ನಡ್ಯಂಗಿಲ್ಲ. ಹೊಲದ ಮ್ಯಾಲ ನಿಮ್ದು ಹಕ್ಕ ಇರ್ಬೇಕು. ಹೊಲ ಯಾರ್ ಹೆಸ್ರಿಗಿ ಅದ?"

"ಯಾರ್ ಹೆಸ್ರಿಗೂ ಇಲ್ರೀ. ಎಲ್ಲಾರ್ದೂ ಅದ. ಯಾರ್ ಬೇಕಾದ್ರೂ ಬಿತ್‌ಬಹುದು, ಯಾರ್ ಬೇಕಾದ್ರೂ ಒಯ್‌ಬಹುದು."

"ಹೌದಾ? ಹಂಗಾದ್ರ ನಾಳಿ ಅದ್ರ ಪಹಣಿ ತೊಗೊಂಡ್ ಬರ್ರಿ, ನೋಡೋಣು."